ಹಳೆಯ ಪ್ರಿಸಿಷನ್ ಬೇಸ್‌ನ ಇಸವಿ ಮತ್ತು ಬೆಲೆ: ಮಾರಾಟಕ್ಕೆ ಮುಂಚಿನ ಪರಿಶೀಲನೆಯ ದಾಖಲೆ

ಮಾರಬೇಕೆಂದು ತೀರ್ಮಾನಿಸಿರುವ ಈ ಫೆಂಡರ್ ಪ್ರಿಸಿಷನ್ ಬೇಸ್ ಎಂಬ ನಾಲ್ಕು ತಂತಿಯ ಬೇಸ್ ಗಿಟಾರ್ ನನ್ನ ಕೈಗೆ ಬಂದಾಗ ಅದರ ಜೊತೆಗಿದ್ದ ಮಾಹಿತಿ ಒಂದೇ: ಇದು 1964ರದ್ದು ಎಂಬ ಬಾಯಿಮಾತು. ಆ ಇಸವಿಯನ್ನೇ ಬರೆದು ಮಾರಾಟಕ್ಕಿಡುವುದು ಸುಲಭವಾಗಿತ್ತು. ಆದರೆ 1965ರ ಜನವರಿಯಲ್ಲಿ ಫೆಂಡರ್ ಕಂಪನಿ ಅಮೆರಿಕದ ಪ್ರಸಾರ ಸಂಸ್ಥೆಯಾದ ಸಿ.ಬಿ.ಎಸ್. ಪಾಲಾಯಿತು, ಅದಕ್ಕೂ ಮೊದಲು ತಯಾರಾದ ವಾದ್ಯಗಳಿಗೆ ಸಂಗ್ರಾಹಕರು ಬೇರೆಯದೇ ಬೆಲೆ ಕಟ್ಟುತ್ತಾರೆ, ಹಾಗಾಗಿ ಈ ಗಡಿಯ ಆಚೀಚೆ ಇರುವ ಗಿಟಾರುಗಳ ಇಸವಿ ಕೈಯಿಂದ ಕೈಗೆ ದಾಟುವಾಗ ಸದ್ದಿಲ್ಲದೆ ಹಿಂದಕ್ಕೆ ಸರಿಯುವುದುಂಟು. ಆದ್ದರಿಂದ ಬಾಯಿಮಾತನ್ನು ಪಕ್ಕಕ್ಕಿಟ್ಟು, ವಾದ್ಯದ ಒಂದೊಂದು ಭಾಗವೂ ಏನು ಹೇಳುತ್ತದೆ, ಅದರ ಸಾಕ್ಷ್ಯ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಕೆಲಸ ಸಾಗಿದಂತೆ ಇಲ್ಲಿ ಬರೆದಿಡುತ್ತಿದ್ದೇನೆ.

ಬಿಚ್ಚುವ ಮೊದಲು

ಮೊದಲ ಕೆಲಸ ಫೋಟೋ ತೆಗೆಯುವುದು. ಧೂಳು, ತುಕ್ಕು ಹಿಡಿದ ಸ್ಕ್ರೂ, ಬಾಡಿಯ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್‌ನ ಸಂದಿಯಲ್ಲಿ ಗಟ್ಟಿಯಾದ ಕೊಳೆ ಎಲ್ಲವನ್ನೂ ಇದ್ದ ಹಾಗೆಯೇ ಚಿತ್ರಿಸಿದೆ. ಪಾಲಿಶ್ ಹಾಕಿ ಹೊಳೆಯಿಸಿದ ಮೇಲೆ ಯಾವ ಸ್ಕ್ರೂ ದಶಕಗಳಿಂದ ಅಲುಗಾಡಿಲ್ಲ, ಯಾವುದು ಇತ್ತೀಚೆಗೆ ತಿರುಗಿದೆ ಎಂದು ತಿಳಿಯುವ ದಾರಿ ಉಳಿಯುವುದಿಲ್ಲ. ಮಾರುವ ಮುನ್ನ ಚೆಂದ ಮಾಡಬೇಕೆಂಬ ಆಸೆ ಹಳೆಯ ವಾದ್ಯಗಳಿಗೆ ಮಾಡಿರುವಷ್ಟು ಹಾನಿಯನ್ನು ಅದನ್ನು ನುಡಿಸಿದವರು ಮಾಡಿರಲಾರರು ಎಂಬುದು ನನ್ನ ಅಭಿಪ್ರಾಯ.

ಹೊರಗಿನಿಂದ ಕಂಡದ್ದು ಇಷ್ಟು: ನಡುವಿನಿಂದ ಅಂಚಿಗೆ ಕಪ್ಪಾಗುತ್ತ ಹೋಗುವ ಮೂರು ಬಣ್ಣಗಳ ಸನ್‌ಬರ್ಸ್ಟ್ ಬಾಡಿ, ಮೇಪಲ್ ಮರದ ನೆಕ್ (ಉದ್ದನೆಯ ಕತ್ತು), ಅದರ ಮೇಲೆ ಬೆರಳೊತ್ತುವ ಕಡುಕಂದು ಬಣ್ಣದ ಫಿಂಗರ್‌ಬೋರ್ಡ್, ಅದರಲ್ಲಿ 20 ಫ್ರೆಟ್ ಎಂಬ ಲೋಹದ ಪಟ್ಟಿಗಳು, 34 ಅಂಗುಲದ ಸ್ಕೇಲ್ (ಕಂಪಿಸುವ ತಂತಿಯ ಉದ್ದ). ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಎರಡು ತುಂಡುಗಳದ್ದು. ಈ ವಿನ್ಯಾಸ 1957ರಿಂದ ಇಂದಿನವರೆಗೂ ನಡೆದುಬಂದಿರುವುದರಿಂದ ಇಸವಿಯ ವಿಷಯದಲ್ಲಿ ಅದು ಹೆಚ್ಚೇನೂ ಹೇಳುವುದಿಲ್ಲ. ಪಿಕಪ್ ಮತ್ತು ಬ್ರಿಡ್ಜ್‌ಗಳನ್ನು ಮುಚ್ಚುತ್ತಿದ್ದ ಕ್ರೋಮ್ ಹೊದಿಕೆಗಳು ಎರಡೂ ಕಾಣೆಯಾಗಿವೆ, ಆದರೆ ಅವುಗಳ ಸ್ಕ್ರೂ ತೂತುಗಳು ಇವೆ. ನುಡಿಸುವವರು ಆ ಹೊದಿಕೆಗಳನ್ನು ಕಿತ್ತು ಎಲ್ಲೋ ಇಟ್ಟು ಮರೆಯುತ್ತಿದ್ದುದು ತೀರಾ ಸಾಮಾನ್ಯ. ಅವು ಇಲ್ಲದಿರುವುದಕ್ಕಿಂತ ತೂತುಗಳೂ ಇಲ್ಲದಿದ್ದರೆ ನಾನು ಹೆಚ್ಚು ಚಿಂತಿಸುತ್ತಿದ್ದೆ.

ಹಿಂಬದಿಯ ತಗಡು

ನೆಕ್ಕನ್ನು ಬಾಡಿಗೆ ಬಿಗಿದಿರುವ ನಾಲ್ಕು ಸ್ಕ್ರೂಗಳ ತಗಡಿನ ಮೇಲೆ ದೊಡ್ಡ ಎಫ್ ಅಕ್ಷರವೂ 1ರಿಂದ ಆರಂಭವಾಗುವ ಆರು ಅಂಕಿಗಳ ಸರಣಿ ಸಂಖ್ಯೆಯೂ ಇವೆ. ಎಫ್ ಅಕ್ಷರದ ತಗಡು ಬಂದದ್ದು 1965ರ ಕೊನೆಯಲ್ಲಿ. ಅದಕ್ಕೂ ಹಿಂದಿನ ತಗಡುಗಳಲ್ಲಿ ಸಂಖ್ಯೆಯ ಮೊದಲು ಎಲ್ ಅಕ್ಷರ ಇರುತ್ತಿತ್ತು. ಹಾಗಾದರೆ 1964 ಎಂಬ ಮಾತು ಇಲ್ಲಿಗೇ ಮುಗಿಯಿತೇ ಎಂದರೆ, ಇಲ್ಲ. ನಾಲ್ಕು ಸ್ಕ್ರೂ ತೆಗೆದರೆ ತಗಡು ಕೈಗೆ ಬರುತ್ತದೆ, ಬೇರೊಂದು ಅದರ ಜಾಗದಲ್ಲಿ ಕೂರುತ್ತದೆ. ಕಾರ್ಖಾನೆಯಲ್ಲಿಯೂ ಡಬ್ಬಿಯಿಂದ ಸಿಕ್ಕಿದ ತಗಡನ್ನು ಹಾಕುತ್ತಿದ್ದರೇ ಹೊರತು ಸಂಖ್ಯೆಗಳ ಕ್ರಮವನ್ನು ಯಾರೂ ಕಟ್ಟುನಿಟ್ಟಾಗಿ ಕಾಯುತ್ತಿರಲಿಲ್ಲ. ಸರಣಿ ಸಂಖ್ಯೆಯೊಂದನ್ನೇ ನಂಬಿ ಇಸವಿ ಹೇಳುವವರ ಮಾತನ್ನು ಆರಂಭದ ಅಂದಾಜು ಎಂದಷ್ಟೇ ಸ್ವೀಕರಿಸಬೇಕು.

ನೆಕ್ ಹೊರಬಂದ ಮೇಲೆ

ತಂತಿಗಳನ್ನು ಪೂರ್ತಿ ಸಡಿಲಿಸಿ ನೆಕ್ ಬಿಚ್ಚಿದೆ. ಬಾಡಿಯೊಳಗೆ ಕೂರುವ ಅದರ ಹಿಮ್ಮಡಿಯ ಭಾಗದಲ್ಲಿ ನೀಲಿ ಶಾಯಿಯ ಮುದ್ರೆ ಮಾಸಿದ್ದರೂ ಓದುವಂತಿದೆ: 5, ನವೆಂಬರ್‌ನ ಮೂರಕ್ಷರದ ಸಂಕ್ಷೇಪ, 66, ಬಿ. ಇದನ್ನು 1966ರ ನವೆಂಬರ್ 5 ಎಂದು ಓದುವವರು ಬಹಳ. ಮೊದಲ ಅಂಕಿ ದಿನಾಂಕವಲ್ಲ, ಮಾದರಿಯ ಸಂಕೇತ. ಪ್ರಿಸಿಷನ್ ಬೇಸ್‌ಗೆ 5, ಫೆಂಡರ್‌ನದೇ ಇನ್ನೊಂದು ಮಾದರಿಯಾದ ಜಾಝ್ ಬೇಸ್‌ಗೆ 7 ಎಂದು ಒತ್ತುತ್ತಿದ್ದರು. ಕೊನೆಯ ಅಕ್ಷರ ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಬಳಿ ನೆಕ್ಕಿನ ಅಗಲವನ್ನು ಸೂಚಿಸುತ್ತದೆ: ಎ ಎಂದರೆ 1½ ಅಂಗುಲ, ಬಿ ಎಂದರೆ 1⅝, ಸಿ ಎಂದರೆ 1¾. ಕ್ಯಾಲಿಪರ್ ಇಟ್ಟು ಅಳೆದಾಗ 41 ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು ಬಂತು, ಅಂದರೆ ಬಿ ಅಕ್ಷರಕ್ಕೆ ಸರಿಹೊಂದಿತು. ಮುದ್ರೆಯನ್ನು ಆಮೇಲೆ ಯಾರೋ ಒತ್ತಿರಬಹುದೇ ಎಂಬ ಸಂಶಯಕ್ಕೆ ಈ ಅಳತೆ ಪೂರ್ಣ ಉತ್ತರವಲ್ಲ, ಆದರೆ ನಕಲು ಮಾಡುವವರು ಎಡವುವುದು ಇಂಥ ಸಣ್ಣ ಜಾಗಗಳಲ್ಲಿಯೇ.

ನೆಕ್ಕಿನ ಹಿಮ್ಮಡಿಯಲ್ಲಿ ನಾಲ್ಕೇ ತೂತುಗಳಿವೆ, ಅವು ಬಾಡಿಯ ತೂತುಗಳಿಗೆ ನೇರವಾಗಿ ಕೂರುತ್ತವೆ. ತುಂಬಿ ಮುಚ್ಚಿದ, ಮತ್ತೆ ಕೊರೆದ ಗುರುತಿಲ್ಲ. ಸ್ಕ್ರೂ ತಲೆಗಳು ಸವೆದಿರುವುದನ್ನು ನೋಡಿ ನೆಕ್ ಬದಲಾಗಿದೆ ಎಂದು ಯಾರಾದರೂ ಅನುಮಾನಿಸಿದರೆ ಅದಕ್ಕೆ ಸಮಾಧಾನ ಇದೆ: ಈ ಕಾಲದ ಪ್ರಿಸಿಷನ್ ಬೇಸ್‌ನಲ್ಲಿ ಟ್ರಸ್ ರಾಡ್ (ನೆಕ್ಕಿನೊಳಗಿನ ಲೋಹದ ಸರಳು) ತಿರುಗಿಸುವ ಜಾಗ ನೆಕ್ಕಿನ ಹಿಮ್ಮಡಿಯಲ್ಲಿಯೇ ಇರುವುದರಿಂದ, ನೆಕ್ಕಿನ ಬಾಗು ಸರಿಪಡಿಸಬೇಕಾದಾಗಲೆಲ್ಲ ಅದನ್ನು ಬಿಚ್ಚಲೇಬೇಕಾಗುತ್ತಿತ್ತು. ರಾಡನ್ನು ಕಾಲು ಸುತ್ತು ತಿರುಗಿಸಿ ನೋಡಿದೆ, ಎರಡೂ ಕಡೆ ಸ್ಪಂದಿಸುತ್ತದೆ. ಜೀವ ಕಳೆದುಕೊಂಡ ಟ್ರಸ್ ರಾಡ್ ಸಿಕ್ಕಿದ್ದರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು.

ಬಾಡಿಯಲ್ಲಿ ನೆಕ್ ಕೂರುವ ಕುಳಿಯನ್ನು ನೋಡುವುದು ನನಗೆ ಈ ಇಡೀ ಕೆಲಸದಲ್ಲಿ ಹೆಚ್ಚು ಖುಷಿ ಕೊಟ್ಟ ಭಾಗ. ಬಣ್ಣ ಸಿಂಪಡಿಸುವಾಗ ಬಾಡಿಯನ್ನು ಹಿಡಿಯಲು ಆ ಕುಳಿಯೊಳಗೆ ಒಂದು ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿಯುತ್ತಿದ್ದರು. ಪಟ್ಟಿ ಮುಚ್ಚಿದ್ದ ಜಾಗಕ್ಕೆ ಬಣ್ಣ ತಾಗುತ್ತಿರಲಿಲ್ಲ. ಇಲ್ಲಿ ಆ ಬಣ್ಣವಿಲ್ಲದ ಪಟ್ಟೆ ಚೂಪಾದ ಅಂಚಿನೊಂದಿಗೆ ಹಾಗೆಯೇ ಉಳಿದಿದೆ. ಪೂರ್ತಿ ಉಜ್ಜಿ ಮರುಬಣ್ಣ ಹಚ್ಚಿದ ಬಾಡಿಗಳಲ್ಲಿ ಸಾಮಾನ್ಯವಾಗಿ ಈ ಕುಳಿಯೂ ಬಣ್ಣದಲ್ಲಿ ಮುಳುಗಿರುತ್ತದೆ, ಇಲ್ಲವೇ ಮರಳುಕಾಗದದ ಗೀರುಗಳನ್ನು ತೋರಿಸುತ್ತದೆ.

ಪಿಕ್‌ಗಾರ್ಡ್‌ನ ಅಡಿಯಲ್ಲಿ

ಬಾಡಿಯ ಮುಖವನ್ನು ಗೀರುಗಳಿಂದ ಕಾಯಲು ಮೇಲಿದ್ದ ಬಿಳಿ ಪಿಕ್‌ಗಾರ್ಡ್ ಫಲಕ ಹೊಸದು ಎಂಬುದು ಮೊದಲೇ ಗೊತ್ತಿತ್ತು. ಅದರ ಅಂಚಿಗೂ ಬಾಡಿಯ ಮೇಲೆ ಹಳೆಯ ಪಿಕ್‌ಗಾರ್ಡ್ ಬಿಟ್ಟುಹೋದ ನೆರಳಿಗೂ ತಾಳೆಯಾಗುತ್ತಿರಲಿಲ್ಲ. ಬಿಚ್ಚಿದಾಗ ಆ ನೆರಳಿನ ಒಳಗೆ ಸನ್‌ಬರ್ಸ್ಟ್‌ನ ಕೆಂಪು ಇನ್ನೂ ಗಾಢವಾಗಿತ್ತು, ಹೊರಗೆ ಬೆಳಕು ತಾಗಿದ ಕಡೆ ಕಂದಿತ್ತು. ಬಾಡಿಯ ಬಣ್ಣ ಹಳೆಯದೇ ಎಂಬುದಕ್ಕೆ ಇದು ಎರಡನೆಯ ಸಾಕ್ಷಿ.

ಪ್ರಿಸಿಷನ್ ಬೇಸ್‌ನಲ್ಲಿ ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳೂ (ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೋಧಕಗಳು) ಕೇಬಲ್ ಚುಚ್ಚುವ ಜ್ಯಾಕ್ ಕೂಡ ಪಿಕ್‌ಗಾರ್ಡ್‌ಗೇ ನಟ್ ಹಾಕಿ ಬಿಗಿದಿರುತ್ತವೆ. ಆದ್ದರಿಂದ ಒಂದೇ ಒಂದು ಬೆಸುಗೆಯನ್ನೂ ಮುಟ್ಟದೆ ಹೊಸ ಪಿಕ್‌ಗಾರ್ಡ್ ಹಾಕಲು ಸಾಧ್ಯ, ಇಲ್ಲಿ ಆಗಿರುವುದೂ ಅದೇ. ಬಟ್ಟೆ ಸುತ್ತಿದ ತಂತಿಗಳು, ಮಂಕಾದ ಬೂದು ಬಣ್ಣದ ಬೆಸುಗೆ, ಎಲ್ಲಿಯೂ ಹೊಳೆಯುವ ಹೊಸ ಸೀಸದ ಗುಂಡಿಲ್ಲ. ಎರಡೂ ಪಾಟ್‌ಗಳ ಬೆನ್ನಿನ ಮೇಲೆ 137 66 25 ಎಂದಿದೆ. 137 ಎಂಬುದು ಸಿ.ಟಿ.ಎಸ್. ಎಂಬ ತಯಾರಕರ ಸಂಕೇತ, 66 ಇಸವಿ, 25 ಆ ವರ್ಷದ ವಾರ. ಅಂದರೆ 1966ರ ಜೂನ್ ತಿಂಗಳ ಸುಮಾರು. ಪಾಟ್ ತಯಾರಾದ ದಿನಕ್ಕಿಂತ ಮೊದಲು ಆ ಬೆಸುಗೆ ನಡೆದಿರಲಾರದು ಎಂದಷ್ಟೇ ಈ ಸಂಖ್ಯೆ ಹೇಳುತ್ತದೆ. ಫೆಂಡರ್ 1966ರಲ್ಲಿ ಪಾಟ್‌ಗಳನ್ನು ಭಾರೀ ಪ್ರಮಾಣದಲ್ಲಿ ಕೊಂಡು ದಾಸ್ತಾನಿಟ್ಟಿದ್ದರಿಂದ ಆ ವರ್ಷದ ಪಾಟ್‌ಗಳು ಅನಂತರದ ಕೆಲವು ವರ್ಷಗಳ ವಾದ್ಯಗಳಲ್ಲಿಯೂ ಸಿಗುತ್ತವೆ. ಜೂನ್‌ನ ಪಾಟ್, ನವೆಂಬರ್‌ನ ನೆಕ್: ಎರಡನ್ನೂ ಜೊತೆಗಿಟ್ಟು ನೋಡಿದರೆ, ವಾದ್ಯವಾಗಿ ಇದು ಜೋಡಣೆಯಾದದ್ದು 1966ರ ಕೊನೆ ಅಥವಾ 1967ರ ಆರಂಭ. ಸರಣಿ ಸಂಖ್ಯೆಯೂ ಇದಕ್ಕೆ ವಿರುದ್ಧವಾಗಿಲ್ಲ. 1964 ಎಂಬ ಬಾಯಿಮಾತನ್ನು ಇಲ್ಲಿಗೆ ಕೈಬಿಟ್ಟೆ.

ಪಿಕಪ್‌ನ ಸ್ಥಿತಿ ತಿಳಿಯಲು ಅದರ ತಂತಿಯ ಬೆಸುಗೆ ಬಿಡಿಸಿ ವಿದ್ಯುತ್ ರೋಧ ಅಳೆಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನನ್ನ ಮಟ್ಟಿಗೆ ಮೂಲ ಬೆಸುಗೆ ಆ ಅಂಕಿಗಿಂತ ಬೆಲೆಯುಳ್ಳದ್ದು. ವಾಲ್ಯೂಮನ್ನು ಪೂರ್ತಿ ಏರಿಸಿ, ಜ್ಯಾಕ್‌ಗೆ ಕೇಬಲ್ ಚುಚ್ಚಿ, ಅದರ ಇನ್ನೊಂದು ತುದಿಯಲ್ಲಿ ಮಲ್ಟಿಮೀಟರ್ ಹಿಡಿದರೆ ಸಾಕು. ಅಲ್ಲಿ 10.35 ಕಿಲೋ ಓಮ್ ಬಂತು. ಪಿಕಪ್‌ಗೆ ಸಮಾಂತರವಾಗಿ 250 ಕಿಲೋ ಓಮ್‌ನ ವಾಲ್ಯೂಮ್ ಪಾಟ್ ಇರುವುದರಿಂದ ಅಳತೆ ಸ್ವಲ್ಪ ತಗ್ಗಿ ಕಾಣುತ್ತದೆ. ಲೆಕ್ಕ ಹಾಕಿದರೆ ಪಿಕಪ್ಪಿನದು ಸುಮಾರು 10.8 ಆಗುತ್ತದೆ. ಪಿಕಪ್‌ನ ಎರಡೂ ತಂತಿಸುರುಳಿಗಳು (ಕಾಯಿಲ್) ಜೀವಂತವಾಗಿವೆ, ಒಂದೂ ತುಂಡಾಗಿಲ್ಲ ಎನ್ನಲು ಇಷ್ಟು ಸಾಕು.

ನೇರಳಾತೀತ ದೀಪದ ಕೆಳಗೆ

ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದಾಗ ಹಳೆಯ ನೈಟ್ರೋಸೆಲ್ಯುಲೋಸ್ ಮೆರುಗು ಹಸಿರು ಬೆರೆತ ಹಳದಿಯಾಗಿ ಮಿನುಗುತ್ತದೆ, ಆಮೇಲೆ ಹಚ್ಚಿದ ಮೆರುಗು ಅದರ ನಡುವೆ ಕಪ್ಪಾಗಿ ನಿಲ್ಲುತ್ತದೆ. ಬಾಡಿಯ ಮುಖ, ಬೆನ್ನು ಎರಡೂ ಒಂದೇ ಸಮನೆ ಮಿನುಗಿದವು. ಕೆಳ ಅಂಚಿನಲ್ಲಿ ಮಾತ್ರ ಅಂಗೈಯಗಲದ ಕಪ್ಪು ತೇಪೆ ಕಂಡಿತು. ಹಗಲಿನ ಬೆಳಕಿನಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ. ಏನೋ ತಾಗಿ ಸಿಡಿದ ಮೆರುಗನ್ನು ಯಾರೋ ನಾಜೂಕಾಗಿ ತೀಡಿ ಸರಿಪಡಿಸಿದ್ದಾರೆ. ಇದರ ಫೋಟೋವನ್ನೂ ವಿವರಣೆಗೆ ಸೇರಿಸುತ್ತಿದ್ದೇನೆ. ಕೊಳ್ಳುವವರು ಮುಂದೆ ತಾವೇ ದೀಪ ಹಿಡಿದು ಕಂಡುಕೊಳ್ಳುವುದಕ್ಕಿಂತ ಮೊದಲೇ ತಿಳಿದಿದ್ದರೆ ಚೌಕಾಸಿ ಮರ್ಯಾದೆಯಿಂದ ನಡೆಯುತ್ತದೆ.

ಇನ್ನೊಂದು ಸಂಗತಿಯೂ ಇದೆ. ಬೆರಳೂರುವ ಕಟ್ಟಿಗೆ ತುಂಡನ್ನು ಅಂದು ಅತಿ ತೆಳುವಾದ ಜಿ ತಂತಿಯ ಕೆಳಬದಿಗೆ ಹಾಕುತ್ತಿದ್ದರು. 1974ರ ಸುಮಾರಿಗೆ ಅದು ಅತಿ ದಪ್ಪನೆಯ ಇ ತಂತಿಯ ಬದಿಗೆ ಹೋಯಿತು. ಈ ವಾದ್ಯದಲ್ಲಿ ಎರಡೂ ಬದಿ ತೂತುಗಳಿವೆ. ಹೆಬ್ಬೆರಳಿಗೆ ಆಸರೆ ಬೇಕಾದ ಯಾರೋ ನಡುವೆ ಜಾಗ ಬದಲಿಸಿದ್ದಾರೆ. ಸಣ್ಣ ದೋಷ, ಆದರೆ ದಾಖಲಾಗಬೇಕಾದದ್ದು.

ಫಿಂಗರ್‌ಬೋರ್ಡ್‌ನ ಮರ

ಇದು ಬರೀ ಅಂದಚೆಂದದ ಪ್ರಶ್ನೆಯಲ್ಲ, ಕಾನೂನಿನದು. ಅರವತ್ತರ ದಶಕದ ನಡುವೆ ಫೆಂಡರ್ ಬ್ರೆಜಿಲ್‌ನ ರೋಸ್‌ವುಡ್‌ನಿಂದ ಭಾರತದ ಬೀಟೆ ಮರಕ್ಕೆ ಬದಲಾಯಿತು, 1966ರ ಕೊನೆಯ ನೆಕ್ಕಿನಲ್ಲಿ ಎರಡರಲ್ಲಿ ಯಾವುದಾದರೂ ಇರಬಹುದು. ಬ್ರೆಜಿಲ್‌ನ ಮರ 1992ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ಅದಿರುವ ವಾದ್ಯವನ್ನು ಪರವಾನಗಿಯಿಲ್ಲದೆ ದೇಶದ ಗಡಿ ದಾಟಿಸಿ ಮಾರುವಂತಿಲ್ಲ. ಬೀಟೆಯ ಸಿದ್ಧ ಸಂಗೀತ ವಾದ್ಯಗಳಿಗೆ 2019ರ ನವೆಂಬರ್‌ನಿಂದ ಆ ಕಟ್ಟಳೆಯಲ್ಲಿ ವಿನಾಯಿತಿ ಇದೆ. ಎಳೆ ನೋಡಿ ಕಣ್ಣಳತೆಯಲ್ಲಿ ತೀರ್ಪು ಹೇಳುವುದು ಈ ವಿಷಯದಲ್ಲಿ ಸಲ್ಲದು. ಹಾಗಾಗಿ ಸದ್ಯಕ್ಕೆ ದೇಶದೊಳಗಿನ ಮಾರಾಟವನ್ನಷ್ಟೇ ಯೋಚಿಸಿದ್ದೇನೆ. ಹೊರಗಿನವರು ಆಸಕ್ತಿ ತೋರಿಸಿದರೆ ಮರದ ಪರಿಣತರಿಂದ ಬರಹದಲ್ಲಿ ಅಭಿಪ್ರಾಯ ಪಡೆದ ಮೇಲೆಯೇ ಮುಂದಿನ ಮಾತು.

ಬೆಲೆ

ಕೇಳುವ ಬೆಲೆಗಳನ್ನು ನೋಡುವುದನ್ನು ಬಿಟ್ಟು, ನಿಜವಾಗಿ ಮಾರಾಟವಾಗಿ ಮುಗಿದ ವ್ಯವಹಾರಗಳ ಬೆಲೆಯನ್ನು ಮಾತ್ರ ಒಟ್ಟುಮಾಡಿದೆ. ಅತಿ ದುಬಾರಿ ಬೆಲೆ ಬರೆದು ವರ್ಷಗಟ್ಟಲೆ ಮಾರಾಟವಾಗದೆ ಉಳಿದ ವಾದ್ಯಗಳೇ ಹುಡುಕಿದಾಗ ಮೊದಲು ಕಣ್ಣಿಗೆ ಬೀಳುತ್ತವೆ, ಅವುಗಳಿಂದ ಕಲಿಯುವುದೇನೂ ಇಲ್ಲ. 1966 ಮತ್ತು 1967ರ ಸನ್‌ಬರ್ಸ್ಟ್ ಪ್ರಿಸಿಷನ್‌ಗಳನ್ನು ಮಾತ್ರ ಹೋಲಿಕೆಗೆ ತೆಗೆದುಕೊಂಡೆ. ಅಂದು ಹೆಚ್ಚುವರಿ ಹಣ ಕೊಟ್ಟು ಹಾಕಿಸಿಕೊಳ್ಳುತ್ತಿದ್ದ ಬಣ್ಣಗಳ ಮಾರುಕಟ್ಟೆಯೇ ಬೇರೆ.

ಪೂರ್ತಿ ಮರುಬಣ್ಣವಾದ ವಾದ್ಯಕ್ಕೆ ಮೂಲ ಬಣ್ಣದ ವಾದ್ಯದ ಸುಮಾರು ಅರ್ಧ ಬೆಲೆ ಎಂಬುದು ವ್ಯಾಪಾರಿಗಳಲ್ಲಿ ಬಳಕೆಯಲ್ಲಿರುವ ಸ್ಥೂಲ ಲೆಕ್ಕ. ಕುಳಿಯ ಪಟ್ಟೆ, ಪಿಕ್‌ಗಾರ್ಡ್‌ನ ನೆರಳು, ದೀಪದ ಹೊಳಪು ಈ ಮೂರರ ಮೇಲೆ ಅಷ್ಟು ಹೊತ್ತು ಕಳೆದದ್ದು ಇದಕ್ಕಾಗಿಯೇ. ಮಿಕ್ಕೆಲ್ಲ ಕೊರತೆಗಳನ್ನು ಕೂಡಿಸಿದರೂ ಅದರ ಹತ್ತಿರ ಬರುವುದಿಲ್ಲ. ಪಿಕ್‌ಗಾರ್ಡ್, ಹೊದಿಕೆಗಳು, ಹೆಚ್ಚುವರಿ ತೂತು, ಅಂಚಿನ ತೇಪೆ ಪ್ರತಿಯೊಂದಕ್ಕೂ ಸ್ವಲ್ಪ ಸ್ವಲ್ಪ ತಗ್ಗಿಸಿದೆ. ಫ್ರೆಟ್‌ಗಳು ಒಮ್ಮೆ ಬದಲಾಗಿವೆ, ಆದರೆ ಕೆಲಸ ಅಚ್ಚುಕಟ್ಟಾಗಿದೆ. ನುಡಿಸುವುದಕ್ಕೆಂದೇ ಕೊಳ್ಳುವವರು ಇದನ್ನು ಕೊರತೆ ಎನ್ನಲಾರರು, ಸಂಗ್ರಾಹಕರು ಎಂದಾರು.

ಅಂಗಡಿಗೆ ನೇರವಾಗಿ ಕೊಟ್ಟರೆ ಹಣ ಬೇಗ ಸಿಗುತ್ತದೆ, ಆದರೆ ಅವರು ಇದನ್ನು ಇಟ್ಟುಕೊಂಡು ಕಾಯಬೇಕು, ಖಾತರಿ ಕೊಡಬೇಕು, ಲಾಭವನ್ನೂ ಉಳಿಸಿಕೊಳ್ಳಬೇಕು. ಆ ಪಾಲೆಲ್ಲ ನನ್ನ ಬೆಲೆಯಿಂದಲೇ ಹೋಗುತ್ತದೆ. ಅವಸರವಿಲ್ಲದ ಕಾರಣ ನುಡಿಸುವವರಿಗೆ ನೇರವಾಗಿ ಮಾರುವ ದಾರಿಯನ್ನು ಆರಿಸಿದ್ದೇನೆ. ಕಾಣೆಯಾದ ಹೊದಿಕೆಗಳ ಬದಲಿಗೆ ಹೊಸ ನಕಲುಗಳನ್ನು ಹಾಕಿ ಚಿತ್ರ ಪೂರ್ತಿಗೊಳಿಸುವ ಯೋಚನೆ ಬಂದಿತ್ತು, ಬೇಡವೆಂದು ಬಿಟ್ಟೆ. ನೆಕ್ಕನ್ನು ಮತ್ತೆ ಬಿಗಿದು, ಹೊಸ ತಂತಿ ಹಾಕಿ, ಶ್ರುತಿ ಮಾಡಿ ಇಟ್ಟಿದ್ದೇನೆ. ವಿವರಣೆಯ ಮೊದಲ ಸಾಲು ಹೀಗಿದೆ: ನೆಕ್ 1966ರ ನವೆಂಬರ್, ಪಾಟ್‌ಗಳು ಅದೇ ವರ್ಷದ 25ನೆಯ ವಾರ, ಬಣ್ಣ ಮತ್ತು ಬೆಸುಗೆ ಮೂಲದವು, ಪಿಕ್‌ಗಾರ್ಡ್ ಬದಲಾಗಿದೆ, ಫ್ರೆಟ್ ಹೊಸದು, ಹೊದಿಕೆಗಳಿಲ್ಲ. ಇನ್ನು ಉಳಿದಿರುವುದು ಮುದ್ರೆಯ ಫೋಟೋವನ್ನು ಓರೆ ಬೆಳಕಿನಲ್ಲಿ ಇನ್ನಷ್ಟು ಸ್ಪಷ್ಟವಾಗಿ ತೆಗೆಯುವ ಕೆಲಸ.