ರಾಷ್ಟ್ರಪತಿ ಆಳ್ವಿಕೆ: ಸಹಿ ಬಿದ್ದ ಮೇಲೆ ನಾವು ನೋಡಬೇಕಾದ್ದು

ರಾಷ್ಟ್ರಪತಿ ಆಳ್ವಿಕೆ ಅಂದಕೂಡಲೇ ನಮ್ಮ ಚಿಕ್ಕಬಳ್ಳಾಪುರದ ಕಡೆ 'ಮುಗೀತು ಬಿಡಿ, ಇನ್ನು ದಿಲ್ಲಿಯವರು ಹೇಳಿದ್ದೇ ಕಾನೂನು' ಎಂದು ಕೈಚೆಲ್ಲುವವರೇ ಹೆಚ್ಚು. ಹಾಗೇನಿಲ್ಲ. ರಾಜ್ಯ ಸರ್ಕಾರವನ್ನು ಬದಿಗಿಟ್ಟು ಕೇಂದ್ರವೇ ಆಡಳಿತ ವಹಿಸಿಕೊಳ್ಳುವ ಸಂವಿಧಾನದ 356ನೇ ವಿಧಿಯ ಘೋಷಣೆಗೆ ಆಯುಸ್ಸು ಎರಡೇ ತಿಂಗಳು. ಅಷ್ಟರೊಳಗೆ ಲೋಕಸಭೆ, ರಾಜ್ಯಸಭೆ ಎರಡೂ ಒಪ್ಪಬೇಕು. ಒಪ್ಪಿದರೂ ಒಂದು ಸಲಕ್ಕೆ ಆರು ತಿಂಗಳು ಮಾತ್ರ. ವರ್ಷ ದಾಟಬೇಕೆಂದರೆ ತುರ್ತು ಪರಿಸ್ಥಿತಿ ಜಾರಿಯಲ್ಲಿರಬೇಕು, ಚುನಾವಣೆ ನಡೆಸುವುದು ಕಷ್ಟವೆಂದು ಚುನಾವಣಾ ಆಯೋಗವೂ ದೃಢೀಕರಿಸಬೇಕು. ಮೂರು ವರ್ಷ ಕೊನೆಯ ಗಡಿ.

ಈ ಅಧಿಕಾರಕ್ಕೆ ನಿಜವಾದ ಮೂಗುದಾರ ಬಿದ್ದದ್ದು ನಮ್ಮ ರಾಜ್ಯದ ಪ್ರಕರಣದಿಂದಲೇ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎನ್ನುವ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಕೈ ಸೇರಿದವು. ಮರುದಿನವೇ ಅವರಲ್ಲಿ ಏಳು ಮಂದಿ, ದಾರಿ ತಪ್ಪಿಸಿ ಸಹಿ ಹಾಕಿಸಿಕೊಂಡರು, ನಮ್ಮ ಬೆಂಬಲ ಸರ್ಕಾರಕ್ಕೇ ಎಂದು ಬರೆದುಕೊಟ್ಟರು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಸದನದಲ್ಲಿ ಬಹುಮತ ತೋರಿಸಲು ತಯಾರಿದ್ದರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ. ಹೈಕೋರ್ಟ್‌ನಲ್ಲಿ ಅರ್ಜಿ ಬಿದ್ದುಹೋಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ವಜಾ ಅಸಾಂವಿಧಾನಿಕ ಎಂದಿತು. ಆ ಹೊತ್ತಿಗೆ ಚುನಾವಣೆ ನಡೆದು ಹೊಸ ಸರ್ಕಾರಗಳೂ ಬಂದಿದ್ದವು, ಕೇಸು ಗೆದ್ದವರಿಗೆ ಕುರ್ಚಿ ಮರಳಲಿಲ್ಲ.

ಆದರೂ ಆ ತೀರ್ಪನ್ನು ನಾನು ದೊಡ್ಡದು ಎನ್ನುವುದು ಅದು ಹಾಕಿಕೊಟ್ಟ ಪದ್ಧತಿಗಾಗಿ. ಬಹುಮತದ ಲೆಕ್ಕ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದು, ವಿಸರ್ಜಿಸುವಂತಿಲ್ಲ. ಸಚಿವ ಸಂಪುಟ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಎಂದು ನ್ಯಾಯಾಲಯ ಕೇಳಲಾಗದು, 74ನೇ ವಿಧಿ ಅದನ್ನು ತಡೆಯುತ್ತದೆ. ಆದರೆ ಆ ಸಲಹೆಗೆ ಆಧಾರವಾದ ದಾಖಲೆ ಎಲ್ಲಿ ಎಂದು ಕೇಳಬಹುದು. ಹಾಗಾಗಿ ಇಂಥ ಘೋಷಣೆ ಬಂದ ದಿನ ಮೊದಲು ನೋಡಬೇಕಾದ್ದು ಎರಡು: ವಿಶ್ವಾಸಮತಕ್ಕೆ ಅವಕಾಶ ಕೊಟ್ಟರೇ? ರಾಜ್ಯಪಾಲರ ವರದಿಯಲ್ಲಿ ಏನಿದೆ?

ಇಡೀ ದೇಶದ ಮೇಲೆ ಹೇರುವ ತುರ್ತು ಪರಿಸ್ಥಿತಿ ಬೇರೆಯದೇ ಘೋಷಣೆ, ಅದಕ್ಕೂ ಮೂಗುದಾರ ಇದೆ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅದಕ್ಕೆ ಸಹಿ ಹಾಕಿದಾಗ ಸಂಪುಟ ಸೇರಿರಲೇ ಇಲ್ಲ, ಮಂತ್ರಿಗಳಿಗೆ ಗೊತ್ತಾದದ್ದು ಬೆಳಿಗ್ಗೆ. 1978ರ 44ನೇ ತಿದ್ದುಪಡಿ ಆ ದಾರಿ ಮುಚ್ಚಿತು. ಈಗ ಸಂಪುಟದ ನಿರ್ಧಾರ ಬರಹದಲ್ಲಿರಬೇಕು, ಒಂದು ತಿಂಗಳೊಳಗೆ ಎರಡೂ ಸದನಗಳಲ್ಲಿ ವಿಶೇಷ ಬಹುಮತ (ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ) ಸಿಗಬೇಕು. ತುರ್ತು ಪರಿಸ್ಥಿತಿ ಬೇಡವೆಂದು ಲೋಕಸಭೆಯ ಹತ್ತನೇ ಒಂದು ಭಾಗದ ಸದಸ್ಯರು ಲಿಖಿತ ನೋಟಿಸ್ ಕೊಟ್ಟರೆ 14 ದಿನದೊಳಗೆ ವಿಶೇಷ ಅಧಿವೇಶನ ಕರೆದು ಚರ್ಚಿಸಲೇಬೇಕು. ಸುಮಾರು 55 ಸಹಿ ಸಾಕು. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಸಂಸದರ ಸಹಿ ಅದರಲ್ಲಿರುತ್ತದೋ ಇಲ್ಲವೋ ಎನ್ನುವುದು ನಾವು ಅವರನ್ನು ಎಷ್ಟು ಒತ್ತಿ ಕೇಳುತ್ತೇವೆ ಎನ್ನುವುದರ ಮೇಲೂ ನಿಂತಿದೆ. ಕೇಳುವುದು ಈ ಸೀಮೆಗೆ ಹೊಸದಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಜನ ಪೊಲೀಸರ ಗುಂಡಿಗೆ ಬಲಿಯಾದರು. 1947ರಲ್ಲಿ ಮಹಾರಾಜರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದಾಗ ಮೊದಲ ಮುಖ್ಯಮಂತ್ರಿಯಾದವರು ಕೋಲಾರ ಸೀಮೆಯ ಕೆ.ಸಿ. ರೆಡ್ಡಿ.

ಚುನಾಯಿತರಿಲ್ಲದ ಆಡಳಿತ ನಮ್ಮ ಮನೆಬಾಗಿಲಲ್ಲೂ ನಡೆದಿದೆ, ಇದು ನನ್ನನ್ನು ಹೆಚ್ಚು ಕಾಡುತ್ತದೆ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲಿದ್ದವು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎನ್ನುತ್ತದೆ 243ಇ ವಿಧಿ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಎಂದು ದಿನ ದೂಡುತ್ತಾರೆ.

ಇದಕ್ಕೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕುವವರು ಎಡವುವುದು ಒಂದೇ ಕಡೆ: 'ಚುನಾವಣೆ ಯಾಕೆ ಮಾಡಿಲ್ಲ?' ಎಂದು ಬರೆಯುತ್ತಾರೆ. 'ಯಾಕೆ' ಎಂಬುದು ಮಾಹಿತಿಯ ವ್ಯಾಖ್ಯಾನಕ್ಕೆ ಬರುವುದಿಲ್ಲ ಎಂದು ಅರ್ಜಿ ವಾಪಸ್ ಬರುತ್ತದೆ. ಮೀಸಲಾತಿ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ರಾಜ್ಯ ಚುನಾವಣಾ ಆಯೋಗಕ್ಕೆ ಸರ್ಕಾರ ಬರೆದ ಪತ್ರಗಳ ಪ್ರತಿ ಕೇಳಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಹತ್ತು ರೂಪಾಯಿ ಶುಲ್ಕ. ಬೇರೆ ಕಚೇರಿಗೆ ಸೇರಿದ್ದಾದರೆ ಐದು ದಿನದಲ್ಲಿ ಅವರೇ ವರ್ಗಾಯಿಸಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಉತ್ತರದ 30 ದಿನದ ಗಡುವು ಅರ್ಜಿ ತಲುಪಿದ ದಿನದಿಂದ ಶುರುವಾಗುವುದರಿಂದ, ಕಚೇರಿಯ ಮುದ್ರೆ, ತಾರೀಕು ಇರುವ ಸ್ವೀಕೃತಿ ಕೈಗೆ ಬಾರದೆ ಕೌಂಟರ್ ಬಿಟ್ಟು ಬರಬೇಡಿ.