ಹಾಡು ನಿಲ್ಲಿಸಿ ಎಚ್ಚರಿಸುವ ರೇಡಿಯೊ

ಮಳೆಗಾಲದಲ್ಲಿ ಅಪ್ಪನ ಫೋನ್ ಶುರುವಾಗುವುದೇ ಇಂಚಿನಿಂದ. "ಇವತ್ತು ನಾಲ್ಕು ಇಂಚು ಬಿತ್ತು" ಅಂದ ಮೇಲೆಯೇ ಉಳಿದ ಮಾತು. ಮೊನ್ನೆ ಅವರು ಕೇಳಿದರು, "ಅಲ್ಲಿ ರೋಡಲ್ಲಿ ಏನಾದ್ರೂ ಆದ್ರೆ ನಿಂಗೆ ಹೇಗೆ ಗೊತ್ತಾಗುತ್ತೆ?" ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಕೊಡಗಿನಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಬೇಕಾದ ವಿಷಯ ಇದು, ಹಾಗಾಗಿ ಬರೆಯುತ್ತಿದ್ದೇನೆ.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಬಂದ ಹೊಸತರಲ್ಲಿ ಒಂದು ರಾತ್ರಿ ಎ8 ಹೆದ್ದಾರಿಯಲ್ಲಿ ಉಲ್ಮ್ ಕಡೆ ಹೋಗುತ್ತಿದ್ದೆ. ಪೆನ್‌ಡ್ರೈವ್‌ನಲ್ಲಿ ಕನ್ನಡ ಹಾಡು. ಇದ್ದಕ್ಕಿದ್ದಂತೆ ಹಾಡು ನಿಂತಿತು, ಸೌಂಡ್ ತಾನಾಗಿಯೇ ಜಾಸ್ತಿಯಾಯಿತು. ನಾನು ಹಾಕಿಯೇ ಇರದ ರೇಡಿಯೊ ಮಾತಾಡತೊಡಗಿತು: ಈ ರಸ್ತೆಯಲ್ಲಿ ಎದುರಿನಿಂದ ಒಂದು ವಾಹನ ರಾಂಗ್ ಸೈಡಲ್ಲಿ ಬರುತ್ತಿದೆ, ಬಲಕ್ಕೇ ಇರಿ, ಓವರ್‌ಟೇಕ್ ಮಾಡಬೇಡಿ. ಮಾತು ಮುಗಿದ ಕೂಡಲೇ ಹಾಡು ಮತ್ತೆ ಬಂತು. ನನ್ನ ಕೈ ಮಾತ್ರ ತುಂಬ ಹೊತ್ತು ನಡುಗುತ್ತಿತ್ತು.

ಆಮೇಲೆ ತಿಳಿದುಕೊಂಡೆ. ಜರ್ಮನಿಯಲ್ಲಿ ಇಂಥ ವ್ಯವಸ್ಥೆ 1974ರಿಂದಲೇ ಇದೆ. ಈಗಿನದರ ಹೆಸರು ಆರ್‌ಡಿಎಸ್, ಅಂದರೆ ರೇಡಿಯೊ ಡೇಟಾ ಸಿಸ್ಟಮ್. ಎಫ್‌ಎಂ ಸ್ಟೇಷನ್ ಹಾಡಿನ ಜೊತೆಗೇ ಕಿವಿಗೆ ಕೇಳದ ಒಂದು ಸಣ್ಣ ಮಾಹಿತಿಯನ್ನೂ ಕಳಿಸುತ್ತಿರುತ್ತದೆ. ರಸ್ತೆ ಸುದ್ದಿ ಹೇಳುವ ಹೊತ್ತಿಗೆ ಸ್ಟೇಷನ್‌ನವರು ಅದರಲ್ಲಿ 'ಟಿಎ' (ಟ್ರಾಫಿಕ್ ಅನೌನ್ಸ್‌ಮೆಂಟ್) ಎಂಬ ಗುರುತು ಹಾಕುತ್ತಾರೆ. ಸೆಟ್‌ನಲ್ಲಿ ಟಿಎ ಆನ್ ಇದ್ದರೆ, ನಾವು ಪೆನ್‌ಡ್ರೈವ್ ಕೇಳುತ್ತಿದ್ದರೂ ಅದು ಹಿಂದಿನಿಂದ ಆ ಸ್ಟೇಷನ್ನನ್ನು ಹಿಡಿದುಕೊಂಡೇ ಇರುತ್ತದೆ. ಗುರುತು ಕಂಡ ತಕ್ಷಣ ಆ ಕಡೆ ತಿರುಗುತ್ತದೆ, ಗುರುತು ತೆಗೆದರೆ ವಾಪಸು. ದೊಡ್ಡ ಆಪತ್ತಿಗೆ 31ನೇ ನಂಬರಿನ ಇನ್ನೊಂದು ಗುರುತೇ ಇದೆ, ಅಲಾರಂ ಅಂತ. ಸೆಟ್ ಪೂರ್ತಿ ಆಫ್ ಆಗಿದ್ದರೆ ಮಾತ್ರ ಏನೂ ಕೇಳಿಸದು.

ಅಮೆರಿಕದಲ್ಲಿ ಸಾಮಾನ್ಯವಾಗಿ ಹೀಗಿಲ್ಲ. ಅಲ್ಲಿ ಸ್ಟೇಷನ್ನೇ ತನ್ನ ಕಾರ್ಯಕ್ರಮ ನಿಲ್ಲಿಸಿ ಎಚ್ಚರಿಕೆ ಕೊಡುತ್ತದೆ. ಪೆನ್‌ಡ್ರೈವ್ ಕೇಳುತ್ತಿದ್ದವರಿಗೆ ಅದು ಮುಟ್ಟುವುದಿಲ್ಲ.

ನನಗೆ ನೆನಪಾಗುವುದು 2018ರ ಆಗಸ್ಟ್. ಸುಳ್ಯ-ಮಡಿಕೇರಿ ರಸ್ತೆಯ ಜೋಡುಪಾಲದಲ್ಲಿ ಗುಡ್ಡ ಜರಿದ ಆ ದಿನಗಳಲ್ಲಿ ಅಪ್ಪ ಸುಳ್ಯದಿಂದ ವಾಪಸು ಬರುತ್ತಿದ್ದರು. ಫೋನಿಗೆ ಸಿಗ್ನಲ್ ಇಲ್ಲ. ಸಂಪಾಜೆಯಲ್ಲಿ ಯಾರೋ ಅಂಗಡಿಯವರು ಕೈ ಅಡ್ಡ ಹಿಡಿದು, "ಮೇಲೆ ಹೋಗ್ಬೇಡಿ, ಬರೆ ಕುಸಿದಿದೆ" ಅಂದರು. ಅವರು ಹೇಳದಿದ್ದರೆ? ಈಗಲೂ ಎದೆ ಝಲ್ಲೆನ್ನುತ್ತದೆ.

2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ತುಂಬ ಜನರ ಮೊಬೈಲ್ ಕಿರುಚಿ ಎಚ್ಚರಿಕೆಯ ಪರೀಕ್ಷೆ ನಡೆಯಿತು, ಅಲ್ವಾ? ತುಂಬ ಒಳ್ಳೆಯ ಕೆಲಸ. ಆದರೆ ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಟವರ್ ಇಲ್ಲದಿದ್ದರೆ ಆ ಎಚ್ಚರಿಕೆ ಬರುವುದಾದರೂ ಎಲ್ಲಿಂದ? ಘಾಟಿ ತಿರುವುಗಳಲ್ಲಿ ಎಫ್‌ಎಂ ಕೂಡ ಗೊರಗುಟ್ಟುತ್ತದೆ, ನಿಜ. ಆದರೂ ಮಡಿಕೇರಿ ಆಕಾಶವಾಣಿ ಒಂದು ಊರಿನ ಟವರ್ ನಂಬಿಕೊಂಡಿಲ್ಲ. ಅಪ್ಪನ ಕಾರಿನ ಸೆಟ್‌ನಲ್ಲೂ 'ಟಿಎ' ಅಂತ ಒಂದು ಬಟನ್ ಇದೆ. ಇಷ್ಟು ವರ್ಷ ಯಾರೂ ಒತ್ತಿಲ್ಲ. ಸ್ಟೇಷನ್ ಕಡೆಯಿಂದ ಆ ಗುರುತು ಬಂದರೆ ಮಾತ್ರ ಆ ಬಟನ್‌ಗೆ ಜೀವ. ಕೊಡಗಿಗೆ ಇದು ಬರಲೇಬೇಕು ಅನ್ನುವುದು ನನ್ನ ಆಸೆ.

ನಿನ್ನೆ ಅಪ್ಪನಿಗೆ ಹೇಳಿದೆ, "ಘಾಟಿ ಇಳಿಯುವಾಗ ಪೆನ್‌ಡ್ರೈವ್ ಬೇಡಪ್ಪ, ಮಡಿಕೇರಿ ಸ್ಟೇಷನ್ನೇ ಇರಲಿ." ಆಯ್ತು ಅಂದರು. ರಾತ್ರಿ ಐದು ಇಂಚಂತೆ.