ಪಾಸ್ಟರ್ "ಬೇಡ" ಅನ್ನುವಂತೆ ಕೇಳುವುದು ಹೇಗೆ? ಕಾಂಬೋಡಿಯಾ ಮಿಷನ್ ಟೀಮ್‌ಗಳ ಕೆಲಸದಲ್ಲಿ ಕಲಿತದ್ದು

ನನ್ನ ಕೆಲಸ ಏನು ಅಂತ ನಮ್ಮ ಮನೆಯವರಿಗೇ ಸರಿಯಾಗಿ ಹೇಳೋಕೆ ಬರುವುದಿಲ್ಲ. ಕರ್ನಾಟಕದ ಕ್ರೈಸ್ತ ಸಭೆಗಳಿಂದ, ಅಂದರೆ ಚರ್ಚ್‌ಗಳಿಂದ, ಒಂದು ತಿಂಗಳ ಸೇವೆಗೆ ಅಂತ ಹೊರದೇಶಕ್ಕೆ ಹೋಗುವ ಟೀಮ್‌ಗಳ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ವೀಸಾ, ಟಿಕೆಟ್, ಊಟ, ಉಳಿಯುವ ಜಾಗ, ಅಲ್ಲಿನ ಸಭೆಯ ಜೊತೆ ಮಾತುಕತೆ, ಯಾರಿಗಾದರೂ ಹೊಟ್ಟೆ ಕೆಟ್ಟರೆ ರಾತ್ರಿ ಓಆರ್‌ಎಸ್ ಹುಡುಕುವುದು, ಎಲ್ಲ ನನ್ನ ತಲೆಗೇ. ಜಾಸ್ತಿ ಟೀಮ್‌ಗಳು ಹೋಗುವುದು ಕಾಂಬೋಡಿಯಾದ ಬಟ್ಟಂಬಾಂಗ್ ಕಡೆ. ಒಂದು ತಿಂಗಳು ಅನ್ನುವುದಕ್ಕೆ ದೈವಿಕ ಕಾರಣ ಏನೂ ಇಲ್ಲ, ಅಲ್ಲಿನ ಟೂರಿಸ್ಟ್ ವೀಸಾ 30 ದಿನದ್ದು, ಅಷ್ಟೇ.

ಈ ಕೆಲಸದಲ್ಲಿ ನಾನು ಕಲಿತ ಒಂದೇ ಒಂದು ವಿಷಯ ಹೇಳುತ್ತೇನೆ. ಕರೆಸಿಕೊಳ್ಳುವ ಸಭೆಯವರು "ಆಗಲಿ" ಅಂದರೆ ಅದನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ನಾವು ಕಾರ್ಯಕ್ರಮದ ಪಟ್ಟಿ ಕಳಿಸುತ್ತೇವೆ, ಅಲ್ಲಿನ ಪಾಸ್ಟರ್ ಎಲ್ಲದಕ್ಕೂ ಆಗಲಿ ಅನ್ನುತ್ತಾರೆ. ಯಾಕೆ ಅನ್ನುವುದಿಲ್ಲ? ಟೀಮ್ ಬಂದರೆ ಸಭೆಗೆ ಕಾಣಿಕೆ ಬರುತ್ತದೆ, ತಗಡಿನ ಚಾವಣಿಗೆ ದುಡ್ಡು ಬರುತ್ತದೆ, ಮೇಲಾಗಿ ಮನೆಗೆ ಬರುವ ಅತಿಥಿಗೆ ಮುಖದ ಮೇಲೆ ಬೇಡ ಅನ್ನೋಕೆ ಆಗುತ್ತದಾ? ಹಾಗಾಗಿ ಈಗ ನಾನು ಪಟ್ಟಿ ಕಳಿಸುವುದನ್ನೇ ಬಿಟ್ಟಿದ್ದೇನೆ. ಬದಲಿಗೆ ಒಂದು ಪ್ರಶ್ನೆ ಕೇಳುತ್ತೇನೆ: ಹಿಂದಿನ ಟೀಮ್ ಹೋದ ಮೇಲೆ ನಿಮ್ಮ ಪಾಲಿಗೆ ಯಾವ ತಲೆನೋವು ಉಳಿಯಿತು? ಅದನ್ನೂ ಪಾಸ್ಟರ್ ಒಬ್ಬರನ್ನೇ ಕೇಳುವುದಿಲ್ಲ. ಅವರ ಹೆಂಡತಿಯನ್ನು ಕೇಳುತ್ತೇನೆ, ತರ್ಜುಮೆ ಮಾಡುವ ಹುಡುಗನನ್ನು ಕೇಳುತ್ತೇನೆ. ನಿಜವಾದ ಉತ್ತರ ಸಾಮಾನ್ಯವಾಗಿ ಅಡುಗೆಮನೆಯಿಂದಲೇ ಬರುತ್ತದೆ.

ಮೊದಲು ಬಂದ ಉತ್ತರ ಕರಪತ್ರದ್ದು. ಕಾಂಬೋಡಿಯಾದಲ್ಲಿ ಬೌದ್ಧ ಧರ್ಮ ರಾಜ್ಯಧರ್ಮ, ಬೇರೆಯವರಿಗೂ ಆರಾಧನೆಯ ಸ್ವಾತಂತ್ರ್ಯ ಇದೆ. ಆದರೆ ಮನೆ ಮನೆಗೆ ಹೋಗಿ ಸುವಾರ್ತೆ ಹೇಳುವ ಹಾಗಿಲ್ಲ, ಸಭೆಯ ಜಾಗದ ಹೊರಗೆ ಪುಸ್ತಕ, ಕರಪತ್ರ ಹಂಚುವ ಹಾಗಿಲ್ಲ ಅಂತ 2007ರಲ್ಲಿ ಅಲ್ಲಿನ ಸರ್ಕಾರ ಸ್ಪಷ್ಟವಾಗಿ ಹೇಳಿದೆ. ನಮ್ಮ ಟೀಮಿನ ಅಂಕಲ್‌ಗಳು ಬಸ್‌ಸ್ಟ್ಯಾಂಡಿನಲ್ಲಿ ಹಂಚಿ ಅಭ್ಯಾಸ ಆದವರು, ಮಾರ್ಕೆಟ್ ಕಂಡರೆ ಕೈ ಸುಮ್ನೆ ಇರುವುದಿಲ್ಲ. ನಾವೇನೋ 30 ದಿನಕ್ಕೆ ವಿಮಾನ ಹತ್ತುತ್ತೇವೆ, ಕಮ್ಯೂನ್ ಆಫೀಸಿಗೆ (ನಮ್ಮ ಪಂಚಾಯಿತಿ ಆಫೀಸಿನ ಥರ) ಹೋಗಿ ಕೈಕಟ್ಟಿ ನಿಲ್ಲಬೇಕಾದವರು ಪಾಸ್ಟರ್. ಈ ನೆಲದಲ್ಲಿ ಅವಸರ ಮಾಡಿದವರ ಕಥೆ ಹಳೆಯದು ಬಿಡಿ. 1555ರ ಹೊತ್ತಿಗೆ ಗಾಸ್ಪಾರ್ ದ ಕ್ರೂಜ್ ಅನ್ನುವ ಪೋರ್ಚುಗೀಸ್ ಪಾದ್ರಿ ಬಂದು ಸುಮಾರು ಒಂದು ವರ್ಷ ಇದ್ದರು. ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಟ್ಟಿದ್ದು ಒಬ್ಬರಿಗೆ, ಆ ಒಬ್ಬರೂ ತೀರಿಹೋದರು ಅಂತ ಅವರೇ ಬರೆದಿದ್ದಾರೆ. ನಮ್ಮ ಟೀಮ್‌ಗಳು ವಾಪಸ್ ಬಂದು ಕೊಡುವ ವರದಿಗಳಿಗಿಂತ ಈ ವರದಿ ಎಷ್ಟೋ ಪ್ರಾಮಾಣಿಕವಾಗಿದೆ.

ಎರಡನೆಯದು ಅನಾಥಾಶ್ರಮ. ಪ್ರತಿ ಟೀಮೂ ಒಂದು ದಿನ ಮಕ್ಕಳ ಜೊತೆ ಕಳೆಯಬೇಕು ಅನ್ನುತ್ತದೆ, ಫೋಟೋ ಬೇಕು, ಊರಲ್ಲಿ ಸಭೆಗೆ ತೋರಿಸಬೇಕು. 2015ರಲ್ಲಿ ಅಲ್ಲಿನ ಸರ್ಕಾರ ಎಣಿಸಿದಾಗ 406 ಅನಾಥಾಶ್ರಮಗಳಲ್ಲಿ 16,579 ಮಕ್ಕಳಿದ್ದರು. ಅದಕ್ಕೂ ಮೊದಲೇ, 2011ರ ಒಂದು ಅಧ್ಯಯನದಲ್ಲಿ, ಹೀಗೆ ಆಶ್ರಮಗಳಲ್ಲಿರುವ ಮಕ್ಕಳಲ್ಲಿ ಮುಕ್ಕಾಲು ಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದಾರೆ ಅಂತ ಗೊತ್ತಾಗಿತ್ತು. ಬಡತನಕ್ಕೆ, ಓದು ಸಿಗಲಿ ಅಂತ ತಂದು ಬಿಟ್ಟ ಮಕ್ಕಳು. ನೋಡಲು ಬರುವವರು ದುಡ್ಡು ಕೊಡುತ್ತಾರೆ, ದುಡ್ಡು ಬಂದಷ್ಟೂ ಆಶ್ರಮಗಳು ಹುಟ್ಟುತ್ತವೆ, ಆಶ್ರಮ ತುಂಬಲು ಮತ್ತೆ ಮಕ್ಕಳು ಬೇಕು. ಅಲ್ಲಿನ ಸರ್ಕಾರವೇ ಮಕ್ಕಳನ್ನು ಮನೆಗೆ ಕಳಿಸುವ ಯೋಜನೆ ಮಾಡಿಕೊಂಡಿದೆ. ನಮ್ಮವರು ಬಲೂನ್ ಹಿಡಿದು ಹೋಗಿ ಮಧ್ಯಾಹ್ನದವರೆಗೆ ತಬ್ಬಿಕೊಂಡು ಬಂದರೆ ಯಾರಿಗೆ ಒಳ್ಳೆಯದಾಯಿತು? ಈಗ ಅದನ್ನು ನಾನು ಪೂರ್ತಿ ತೆಗೆದುಹಾಕಿದ್ದೇನೆ. ಅದಕ್ಕೇ ಒಂದು ಸಭೆ ನಮ್ಮನ್ನು ಬಿಟ್ಟು ಬೇರೆಯವರ ಮೂಲಕ ಹೋಯಿತು. ಹೋಗಲಿ.

ಆದರೆ ನನಗೆ ಜಾಸ್ತಿ ಕಲಿಸಿದ್ದು ಒಂದು ಪ್ರಸಂಗದ, ಅಂದರೆ ಭಾನುವಾರದ ಉಪದೇಶದ, ವಿಷಯ. ಟೀಮಿನ ಜೊತೆ ಬಂದಿದ್ದ ಒಬ್ಬ ಅಯ್ಯನವರು (ನಮ್ಮ ಕಡೆಯ ಪಾಸ್ಟರ್) ಕ್ಷಮೆಯ ಬಗ್ಗೆ ಪ್ರಸಂಗ ತಯಾರು ಮಾಡಿಕೊಂಡಿದ್ದರು. ಉದಾಹರಣೆಗೆ ಆರಿಸಿಕೊಂಡದ್ದು ಡುಚ್ ಕಥೆ. ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಗುಂಪು ದೇಶ ಆಳಿದ ಕಾಲದಲ್ಲಿ, ಅಂದರೆ 1975ರಿಂದ 79ರವರೆಗೆ, ರಾಜಧಾನಿ ಫ್ನೋಮ್ ಪೆನ್‌ನ ಎಸ್-21 ಜೈಲು ನಡೆಸಿದವನು. ಅಲ್ಲಿಗೆ ಹೋದ 12 ಸಾವಿರಕ್ಕೂ ಹೆಚ್ಚು ಜನ ಸತ್ತರು. ಆ ಮನುಷ್ಯ ಹೆಸರು ಬದಲಿಸಿಕೊಂಡು ಬದುಕಿದ್ದ, 1996ರಲ್ಲಿ ಇದೇ ಬಟ್ಟಂಬಾಂಗ್‌ನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ, 1999ರಲ್ಲಿ ಸಿಕ್ಕಿಬಿದ್ದ, ತಪ್ಪೊಪ್ಪಿಕೊಂಡ, ಜೀವಾವಧಿ ಶಿಕ್ಷೆ ಅನುಭವಿಸುತ್ತಲೇ 2020ರಲ್ಲಿ ಸತ್ತ. ನಮ್ಮೂರಲ್ಲಿ ಕೂತು ಕೇಳಿದರೆ, ದೇವರು ಮನುಷ್ಯನನ್ನು ಬದಲಿಸುತ್ತಾನೆ ಅನ್ನೋಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ ಅನ್ನಿಸುತ್ತದೆ.

ಪಾಸ್ಟರ್ ಆಗಲಿ ಅಂದಿದ್ದರು. ಹಿಂದಿನ ರಾತ್ರಿ ಪಾತ್ರೆ ತೊಳೆಯುವಾಗ ಅವರ ಹೆಂಡತಿ ನನ್ನ ಹತ್ತಿರ ಬೇರೆ ಮಾತು ಹೇಳಿದರು. ಪಕ್ಕದ ಪೈಲಿನ್ 1996ರವರೆಗೂ ಖ್ಮೇರ್ ರೂಜ್ ಕೈಯಲ್ಲಿತ್ತು. ನಮ್ಮ ಸಭೆಯಲ್ಲಿ ಆ ಕಡೆ ಬಂದೂಕು ಹಿಡಿದವರೂ ಇದ್ದಾರೆ, ಮನೆಯವರನ್ನು ಕಳೆದುಕೊಂಡವರೂ ಇದ್ದಾರೆ, ಒಂದೇ ಚಾಪೆಯ ಮೇಲೆ ಕೂರುತ್ತಾರೆ, ಯಾರು ಯಾರು ಅಂತ ನಮಗೇ ಪೂರ್ತಿ ಗೊತ್ತಿಲ್ಲ, ಕೇಳುವುದೂ ಇಲ್ಲ. ನಿಮ್ಮ ಅಯ್ಯನವರು ಭಾನುವಾರ ಆ ಹೆಸರು ಎತ್ತಿ ಸೋಮವಾರ ಹೊರಟುಬಿಡುತ್ತಾರೆ, ಆಮೇಲೆ?

ಅಯ್ಯನವರಿಗೆ ಹೇಳಿದಾಗ ಮುಖ ಸಣ್ಣದಾಯಿತು, ಆದರೆ ಪ್ರಸಂಗ ಬದಲಿಸಿದರು. ಆವತ್ತಿನಿಂದ ನಮ್ಮ ಟೀಮಿಗೆ ಒಂದು ನಿಯಮ: ವಯಸ್ಸಾದವರನ್ನು ಸಾಕ್ಷಿ ಹೇಳಿ, ಅಂದರೆ ನಿಮ್ಮ ಬದುಕಿನ ಕಥೆ ಹೇಳಿ, ಅಂತ ಎಬ್ಬಿಸಬಾರದು. ಅವರಾಗಿಯೇ ಮಾತಾಡಿದರೆ ಕೇಳಿ, ಅಷ್ಟೇ.

ಪ್ಚುಮ್ ಬೆನ್ ಹಬ್ಬದ ಹದಿನೈದು ದಿನ ಟೀಮ್ ಬೇಡ ಅನ್ನುವುದೂ ಹೀಗೇ ಗೊತ್ತಾಯಿತು. ಅದು ನಮ್ಮ ಪಿತೃಪಕ್ಷದ ಹೊತ್ತಿಗೇ ಬರುತ್ತದೆ. ನಸುಕಿನಲ್ಲಿ ಪಗೋಡಕ್ಕೆ ಹೋಗಿ ಹಿರಿಯರಿಗೆ ಅನ್ನದ ಉಂಡೆ ಎಸೆಯುತ್ತಾರೆ. ಹೊಸದಾಗಿ ಸಭೆಗೆ ಸೇರಿದವರಿಗೆ ವರ್ಷದಲ್ಲಿ ಅದೇ ಕಷ್ಟದ ಕಾಲ, ಅಮ್ಮನ ಹೆಸರಲ್ಲಿ ಅನ್ನ ಕೊಡದಿದ್ದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಇದನ್ನು ನಮ್ಮ ಟೀಮಿನಲ್ಲಿ ಥಟ್ಟನೆ ಅರ್ಥ ಮಾಡಿಕೊಂಡವರು ಮಂಡ್ಯ ಕಡೆಯ ಒಬ್ಬ ಸಿಸ್ಟರ್. ಅಜ್ಜಿ ಎಡೆ ಇಡುವಾಗ ತಾವು ದೂರ ನಿಂತದ್ದಕ್ಕೆ ಮನೆಯಲ್ಲಿ ಎಷ್ಟು ವರ್ಷ ಮಾತು ಕೇಳಬೇಕಾಯಿತು ಅಂತ ಅವರು ಅಲ್ಲಿನ ಹೆಂಗಸರಿಗೆ ಹೇಳಿದರು. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಖ್ಮೇರ್‌ಗೆ ಎರಡು ಬಾರಿ ತರ್ಜುಮೆ ಆಗಿಯೂ ಆ ಹೆಂಗಸರು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ತಮ್ಮ ಮನೆ ಕಥೆ ಶುರು ಮಾಡಿದರು.

ಅಂದಹಾಗೆ ಈ ಎರಡೆರಡು ತರ್ಜುಮೆಯಿಂದ ಅರ್ಧ ಗಂಟೆಯ ಪ್ರಸಂಗ ಒಂದೂವರೆ ಗಂಟೆ ಆಗುತ್ತದೆ. ಬಜೆಟ್‌ನಲ್ಲಿ ಮೊದಲು ಬರೆಯಬೇಕಾದ್ದು ತರ್ಜುಮೆ ಮಾಡುವವರ ಸಂಬಳ, ಗಿಟಾರ್‌ನ ಲಗೇಜ್ ಅಲ್ಲ.

ಇಷ್ಟರಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಏನು ಅಂತ ಕೇಳಿದರೆ, ಭತ್ತ. ದಾವಣಗೆರೆ ಕಡೆಯ ರೈತರೊಬ್ಬರು ಬಂದಿದ್ದರು, ಭಾಷಣ ಬರುವುದಿಲ್ಲ, ಹಾಡು ಬರುವುದಿಲ್ಲ. ಅವರು ದಿನಾ ಬೆಳಿಗ್ಗೆ ಪಾಸ್ಟರ್ ಮಾವನ ಜೊತೆ ಗದ್ದೆಗೆ ಹೋಗುತ್ತಿದ್ದರು. ಬದುವಿನ ಮೇಲೇ ನಡೆಯಬೇಕು, ಮೂತ್ರಕ್ಕೂ ಪೊದೆಯ ಕಡೆ ಇಳಿಯಬಾರದು ಅನ್ನುವ ಎಚ್ಚರಿಕೆ ಕೊಟ್ಟೇ ಕಳಿಸುತ್ತಿದ್ದೆ, ಯಾಕೆಂದರೆ ಆ ಜಿಲ್ಲೆಯಲ್ಲಿ ನೆಲಬಾಂಬುಗಳು ಇನ್ನೂ ಇವೆ, ಕೆಂಪು ಬೋರ್ಡಿನ ತಲೆಬುರುಡೆ ಸುಮ್ನೆ ಹಾಕಿದ್ದಲ್ಲ. ಈಗಲೂ ಪಾಸ್ಟರ್ ಫೋನ್ ಮಾಡಿದಾಗ ಮೊದಲು ವಿಚಾರಿಸುವುದು ಆ ರೈತರನ್ನೇ.

ಹೋಗುವವರಿಗೆ ಎರಡು ಸಣ್ಣ ಮಾತು. ಡಾಲರ್ ನೋಟಿನ ಅಂಚು ಚೂರು ಹರಿದಿದ್ದರೂ ಅಲ್ಲಿ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ, ಇಲ್ಲೇ ನೋಡಿ ಒಯ್ಯಿರಿ. ಬ್ಯಾಂಕಾಕ್‌ಗೆ ಇಳಿದು ಗಡಿಯ ಊರು ಪೊಯ್‌ಪೆಟ್ ಮೂಲಕ ಬಸ್ಸಿನಲ್ಲಿ ಹೋಗುವ ಹಳೆಯ ಲೆಕ್ಕ ಹಾಕಬೇಡಿ, ಥಾಯ್ಲೆಂಡ್-ಕಾಂಬೋಡಿಯಾ ಜಗಳದಿಂದಾಗಿ 2025ರ ಜೂನ್‌ನಲ್ಲಿ ಆ ಗಡಿ ಮುಚ್ಚಿತು. ಕಾಂಬೋಡಿಯಾದಲ್ಲೇ ಇಳಿಯುವ ವಿಮಾನದ ದರವನ್ನೇ ಬಜೆಟ್‌ಗೆ ಹಾಕಿ.

ಮುಂದಿನ ಟೀಮಿನ ಬಗ್ಗೆ ಅದೇ ಪ್ರಶ್ನೆ ಕೇಳಿದಾಗ ಪಾಸ್ಟರ್ ಹೆಂಡತಿ ಹೇಳಿದ್ದು: ಕೊಯ್ಲಿನ ಹೊತ್ತಿಗೆ ಬನ್ನಿ, ನಾಲ್ಕೇ ಜನ ಬನ್ನಿ, ಅದಕ್ಕಿಂತ ಜಾಸ್ತಿ ಜನಕ್ಕೆ ಅಡುಗೆ ಮಾಡಿ ನನಗೆ ಸಾಕಾಗಿದೆ. ನಮ್ಮ ಆಫೀಸಿನವರಿಗೆ ಗ್ರೂಪ್ ಟಿಕೆಟ್ ಸಿಗಬೇಕಾದರೆ ಹತ್ತು ಜನ ಬೇಕು. ಆ ಜಗಳ ಈ ವಾರದ ಮೀಟಿಂಗ್‌ನಲ್ಲಿದೆ.